ಹೊರಲಾಗುವಷ್ಟೇ ಬೇಟೆ

ಒಂದು ಬ್ಯಾಗ್ ಕೊಳ್ಳಲು ನೀವು ಎಷ್ಟು ಹೊತ್ತು ತೆಗೆದುಕೊಳ್ಳುತ್ತೀರಿ ಸಹೋದರಿ? ಜೂನ್ ಬಂತೆಂದರೆ ಮಕ್ಕಳ ಕೈಹಿಡಿದು ಅಂಗಡಿಗೆ ಹೋಗುತ್ತೇವೆ. ಮಗನಿಗೆ ಬಣ್ಣ ಹಿಡಿಸಬೇಕು, ಮಗಳಿಗೆ ಅದರ ಮೇಲಿನ ಚಿತ್ರ ಹಿಡಿಸಬೇಕು, ನಮಗೆ ಬೆಲೆ ಹಿಡಿಸಬೇಕು. ಹತ್ತು ನಿಮಿಷದಲ್ಲಿ ವ್ಯಾಪಾರ ಮುಗಿಯುತ್ತದೆ. ಇಪ್ಪತ್ತು ವರ್ಷಗಳಿಂದ ಶಿಕ್ಷಕಿಯಾಗಿರುವ ನಾನೂ ಹಾಗೆಯೇ ಕೊಳ್ಳುತ್ತಿದ್ದವಳು. ಆದರೆ 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಡೆನ್ವರ್ ನಗರದ ಅಂಗಡಿಯೊಂದರಲ್ಲಿ ಒಂದೇ ಒಂದು ಬ್ಯಾಗ್‌ಗಾಗಿ ನಾವು ಮೂರು ಗಂಟೆ ಕಳೆದೆವು. ಅದು ಬೆಟ್ಟದ ಕಾಡಿಗೆ ಬೇಟೆಗೆ ಹೋಗುವವರ ಬ್ಯಾಗ್.

ಬೇಟೆಯೆಂದಾಕ್ಷಣ ಹುಬ್ಬೇರಿಸಬೇಡಿ. ನಾನು ಮಲೆನಾಡಿನವಳು, ಅಜ್ಜನ ಕಾಲದ ಶಿಕಾರಿ ಕಥೆಗಳನ್ನು ಕೇಳಿಯೇ ಬೆಳೆದವಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಅವು ಕಥೆಗಳಾಗಿಯೇ ಉಳಿದವು. ಉಳಿಯಬೇಕಾದದ್ದೂ ಹಾಗೆಯೇ. ಕೊಲೊರಾಡೊ ರಾಜ್ಯದ ವ್ಯವಸ್ಥೆ ಬೇರೆ. ಅಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆ ಇದೆ. ನಮ್ಮ ಕಡವೆಯ ದಾಯಾದಿ ಎನ್ನಬಹುದು, ಆದರೆ ಅದಕ್ಕಿಂತಲೂ ದೊಡ್ಡದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಅಲ್ಲಿ ಬಹುಪಾಲು ನಾಶವಾಗಿ, ಪಕ್ಕದ ವಯೋಮಿಂಗ್ ರಾಜ್ಯದಿಂದ ತಂದು ಬಿಡಬೇಕಾಯಿತು. ಇಂದು ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿವೆ. ಸರಕಾರ ಪ್ರತಿವರ್ಷ ಲೆಕ್ಕ ಹಾಕಿ, ಯಾವ ಕಾಡಿನಲ್ಲಿ, ಯಾವ ದಿನಗಳಲ್ಲಿ, ಎಷ್ಟು ಜನ ಬೇಟೆಯಾಡಬಹುದೆಂದು ಗೊತ್ತುಪಡಿಸಿ ಪರವಾನಗಿ ಕೊಡುತ್ತದೆ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲೇ ಕೊಳೆಯಲು ಬಿಟ್ಟರೆ ಅದು ಅಲ್ಲಿ ಶಿಕ್ಷಾರ್ಹ ಅಪರಾಧ. ಬ್ಯಾಗ್‌ನ ಕಥೆ ಶುರುವಾಗುವುದೇ ಇಲ್ಲಿಂದ.

ಹಿಂದಿನ ವರ್ಷ ಆದದ್ದು

ನನ್ನ ತಮ್ಮ ಹನ್ನೆರಡು ವರ್ಷಗಳಿಂದ ಡೆನ್ವರ್‌ನಲ್ಲಿದ್ದಾನೆ. ಅವನ ಹೆಂಡತಿಯ ಎರಡನೆಯ ಬಾಣಂತನಕ್ಕೆ ಅಮ್ಮಿಗೆ ಹೋಗಲಾಗಲಿಲ್ಲ, ಮಂಡಿನೋವು. ನಾನು ಶಾಲೆಗೆ ಮೂರು ತಿಂಗಳು ರಜೆ ಹಾಕಿ ಹೋದೆ. ಮಗುವಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಮನೆಯಲ್ಲಿ ಒಂದು ಮುಸುಕಿನ ಜಗಳ ನಡೆಯುತ್ತಿರುವುದು ನನಗೆ ತಿಳಿಯಿತು. ತಮ್ಮ ಬೇಟೆಗೆ ಹೋಗಬೇಕೆನ್ನುತ್ತಾನೆ. ಅವಳು ಬೇಡವೆನ್ನುತ್ತಾಳೆ.

"ಆಪಾ, ಹೋದ ವರ್ಷ ಏನಾಯ್ತು ಅಂತ ನಿಮ್ಮ ತಮ್ಮ ಹೇಳಿದ್ದಾರಾ?" ಎಂದು ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕೇಳಿದಳು. ಅವನು ಹೇಳಿರಲಿಲ್ಲ.

ಆದದ್ದಿಷ್ಟು. 2022ರಲ್ಲಿ ತಮ್ಮ ತನ್ನ ಸಹೋದ್ಯೋಗಿಯ ಜೊತೆ ಮೊದಲ ಸಲ ಹೋಗಿದ್ದ. ರಿಯಾಯಿತಿ ಮಾರಾಟದಲ್ಲಿ ಅಗ್ಗಕ್ಕೆ ಸಿಕ್ಕಿದ್ದ ದೊಡ್ಡದೊಂದು ಬ್ಯಾಗ್ ಅವನ ಬೆನ್ನ ಮೇಲಿತ್ತು. ಹೋಗುವಾಗ ಅದರಲ್ಲಿ ನೀರು, ರೊಟ್ಟಿ, ಜಾಕೆಟ್ ಮಾತ್ರ. ಹೂವಿನಷ್ಟು ಹಗುರವೆನ್ನಿಸಿತ್ತಂತೆ. ಸಂಜೆ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ ಎಲ್ಕ್ ಸಿಕ್ಕಿತು. ಹಿಂದಿನ ಕಾಲಿನ ಮಾಂಸವನ್ನು ಆ ಬ್ಯಾಗ್‌ಗೆ ತುಂಬಿದಾಗ ಅದೆಲ್ಲ ತಳಕ್ಕೆ ಕುಸಿದು ಬೆನ್ನಿನಿಂದ ದೂರ ಜೋತುಬಿತ್ತು. ಭಾರವೆಲ್ಲ ಎರಡು ಹೆಗಲಪಟ್ಟಿಗಳ ಮೇಲೆ. ಒಂದು ಗಂಟೆ ನಡೆಯುವಷ್ಟರಲ್ಲಿ ಬಲಗಡೆ ಪಟ್ಟಿಯ ಹೊಲಿಗೆ ಬಿಚ್ಚಿಕೊಂಡಿತು. ಹಗ್ಗದಿಂದ ಕಟ್ಟಿಕೊಂಡು, ಕತ್ತಲಲ್ಲಿ ಎಡವುತ್ತಾ ರಸ್ತೆ ಸೇರಿದಾಗ ರಾತ್ರಿ ಒಂದೂವರೆ. ಕಾಡಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಅವಳು ಮನೆಯಲ್ಲಿ ಮಗನನ್ನು ಮಲಗಿಸಿ ಬೆಳಗಿನವರೆಗೆ ಕುಳಿತೇ ಇದ್ದಳು.

ಎರಡು ಕಷ್ಟಗಳು ಅಲ್ಲಿಗೇ ಮುಗಿಯಲಿಲ್ಲ. ಒಂದು, ಹಗ್ಗ ಒತ್ತಿದ ಕಡೆಯ ಕೈ ಆರು ವಾರ ಜೋಮು ಹಿಡಿದಂತಿತ್ತು. ಹೆಗಲಿನ ನರ ಜಜ್ಜಿದಂತಾಗಿದೆ, ಭಾರದ ಬ್ಯಾಗ್ ಹೊರುವ ಸೈನಿಕರಿಗೂ ಹೀಗಾಗುವುದುಂಟು ಎಂದರಂತೆ ವೈದ್ಯರು. ಇನ್ನೊಂದು, ಮರುದಿನ ಹೋಗುವಷ್ಟರಲ್ಲಿ ಅಲ್ಲೇ ಬಿಟ್ಟುಬಂದಿದ್ದ ಒಂದು ತೊಡೆಯ ಮಾಂಸ ಮೂಳೆಯ ಬಳಿ ವಾಸನೆ ಹಿಡಿದಿತ್ತು.

ಆ ರಾತ್ರಿ ನಾನು ತಮ್ಮನನ್ನು ಕೇಳಿದೆ. ಕೈಯ ನೋವಿನ ಬಗ್ಗೆ ಅವನು ಹೆಚ್ಚು ಮಾತಾಡಲಿಲ್ಲ. "ಒಂದು ಜೀವ ತೆಗೆದು, ಅದನ್ನು ಕೊಳೆಸಿಬಿಟ್ಟೆ ಆಪಾ. ಅದು ಇನ್ನೂ ಚುಚ್ಚುತ್ತೆ" ಎಂದ.

ಮದ್ರಸದಲ್ಲಿ ಫಿಕ್ಹ್ ಓದುವಾಗ ಬೇಟೆಯ ಅಧ್ಯಾಯ ನಮಗಿತ್ತು. ಹುಡುಗಿಯರಾದ ನಾವು ಅದನ್ನು ಪರೀಕ್ಷೆಗಷ್ಟೇ ಬಾಯಿಪಾಠ ಮಾಡಿದ್ದೆವು. ಆಹಾರಕ್ಕಾಗಿ ಬೇಟೆ ಅನುಮತಿಸಲ್ಪಟ್ಟಿದೆ, ಅಲ್ಲಾಹನ ಹೆಸರು ಹೇಳಬೇಕು, ಇಹ್ರಾಮ್‌ನಲ್ಲಿ ಕೂಡದು, ವ್ಯರ್ಥವಾಗಿ ಜೀವ ತೆಗೆಯಬಾರದು. ಈ ಕೊನೆಯ ಮಾತು ಒಂದು ಚೀಲದ ಹೊಲಿಗೆಯವರೆಗೂ ಬರುತ್ತದೆಂದು ನನಗೆ ಹೊಳೆದದ್ದು ಆ ರಾತ್ರಿ. ಮರುದಿನ ತಮ್ಮನ ಹೆಂಡತಿ ಒಂದು ಷರತ್ತು ಹಾಕಿದಳು. "ಸರಿಯಾದ ಬ್ಯಾಗ್ ತೆಗೆದುಕೊಳ್ಳಲಿ. ಆಪಾ ಜೊತೆಗೆ ಹೋಗಲಿ. ಹಾಗಾದರೆ ಮಾತ್ರ." ಅವಳ ತಾಯಿ ಆ ವಾರ ಊರಿನಿಂದ ಬರುವವರಿದ್ದರು. ಹೀಗೆ ನಲ್ವತ್ತು ದಾಟಿದ ನಾನು ಬೇಟೆಯ ತಂಡದ ಕಾವಲುಗಾರ್ತಿಯಾದೆ.

ಮರಳುವ ದಾರಿಯ ಬ್ಯಾಗ್

ಅಂಗಡಿಗೆ ನಮ್ಮ ಜೊತೆ ಬಂದವರು ಆ ಸಹೋದ್ಯೋಗಿಯ ಪತ್ನಿ. ಐವತ್ತು ದಾಟಿದ ಹೆಂಗಸು, ಹುಡುಗಿಯಾಗಿದ್ದಾಗಿನಿಂದ ತಂದೆಯ ಜೊತೆ ಬೆಟ್ಟ ಹತ್ತಿದವರು. ತಮ್ಮ ಗೋಡೆಯ ಮೇಲೆ ನೇತುಹಾಕಿದ್ದ ಒಂದು ಬ್ಯಾಗ್‌ನ ಜೇಬುಗಳನ್ನು ತೆರೆದು ನೋಡತೊಡಗಿದ. ಆಕೆ ತಡೆದರು. ಜೇಬು ಆಮೇಲೆ, ಮೊದಲು ಲೆಕ್ಕ ಎಂದರು.

ಆ ಲೆಕ್ಕವನ್ನು ನಿಮಗೂ ಹೇಳುತ್ತೇನೆ. ಬೆಳೆದ ಗಂಡು ಎಲ್ಕ್ ಸುಮಾರು 320 ಕಿಲೋ ತೂಗುತ್ತದೆ, ಹೆಣ್ಣು ಸುಮಾರು 225 ಕಿಲೋ. ಮೂಳೆ ತೆಗೆದ ಮೇಲೂ ಗಂಡಿನಲ್ಲಿ 80ರಿಂದ 100 ಕಿಲೋ, ಹೆಣ್ಣಿನಲ್ಲಿ 60-70 ಕಿಲೋ ಮಾಂಸ ಉಳಿಯುತ್ತದೆ. ಒಬ್ಬ ಮನುಷ್ಯ ಬೆಟ್ಟದ ದಾರಿಯಲ್ಲಿ ಒಮ್ಮೆಗೆ 25 ಕಿಲೋ ಹೊತ್ತರೂ ಗಂಡು ಎಲ್ಕ್‌ಗೆ ನಾಲ್ಕು ಹೊರೆ. ರಸ್ತೆಯಿಂದ 3 ಕಿಲೋಮೀಟರ್ ಒಳಗಿದ್ದರೆ, ನಾಲ್ಕು ಸಲ ಹೊತ್ತು ಬರಬೇಕು, ಮೂರು ಸಲ ಬರಿಗೈಯಲ್ಲಿ ಮತ್ತೆ ಹೋಗಬೇಕು. ಒಟ್ಟು 21 ಕಿಲೋಮೀಟರ್. 5 ಕಿಲೋಮೀಟರ್ ಒಳಗಿದ್ದರೆ 35. ಇಬ್ಬರಿದ್ದರೆ ತಲಾ ಎರಡು ಹೊರೆ. ಅಷ್ಟರಲ್ಲಿ ಮಾಂಸ ತಣ್ಣಗಿರಬೇಕು, ಕೆಡಬಾರದು.

"ಹೋಗುವಾಗಿನ ಸಾಮಾನಿಗೆ ಬ್ಯಾಗ್ ಕೊಳ್ಳಬೇಡ, ಮರಳಿ ಬರುವಾಗಿನ ಭಾರಕ್ಕೆ ಕೊಳ್ಳು" ಎಂದು ಆಕೆ ತಮ್ಮನಿಗೆ ಹೇಳಿದರು. ನನಗೆ ಹಜ್ಜಿಗೆ ಹೊರಟ ನಮ್ಮೂರಿನ ಹಿರಿಯರು ನೆನಪಾದರು. ಹೋಗುವಾಗ ಪೆಟ್ಟಿಗೆ ಸರಿಯಾಗಿಯೇ ಇರುತ್ತದೆ. ಬರುವಾಗ ಖರ್ಜೂರ, ಝಮ್‌ಝಮ್, ಮೊಮ್ಮಕ್ಕಳ ಬಟ್ಟೆ ಸೇರಿ ಜಿಪ್ ಹರಿಯುತ್ತದೆ.

ಆಮೇಲೆ ಆಯ್ಕೆ ಶುರುವಾಯಿತು. ಮೊದಲನೆಯದು ಚೌಕಟ್ಟು. ನಮ್ಮ ಶಾಲಾ ಬ್ಯಾಗ್‌ಗಳು ಬರೀ ಬಟ್ಟೆ. ಇವುಗಳ ಬೆನ್ನಿನೊಳಗೆ ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರ್ ಪಟ್ಟಿಗಳಿರುತ್ತವೆ. ಭಾರ ತಳಕ್ಕೆ ಕುಸಿಯದಂತೆ ಅವು ಎತ್ತಿ ಹಿಡಿದು ಸೊಂಟಕ್ಕೆ ಇಳಿಸುತ್ತವೆ. ಬೇಟೆಯ ಬ್ಯಾಗ್‌ನಲ್ಲಿ ಇನ್ನೊಂದು ವಿಶೇಷವಿದೆ. ಚೀಲವನ್ನು ಚೌಕಟ್ಟಿನಿಂದ ಸಡಿಲಿಸಿ ಹಿಂದಕ್ಕೆ ಸರಿಸಿದರೆ ನಡುವೆ ಜಾಗವಾಗುತ್ತದೆ. ಮಾಂಸದ ಮೂಟೆಯನ್ನು ಅಲ್ಲಿಟ್ಟು, ಕೆಳಗೆ ಜಾರದಂತೆ ಒಂದು ತಡೆಯಿದ್ದು, ಮೇಲಿಂದ ಪಟ್ಟಿಗಳನ್ನು ಬಿಗಿಯುತ್ತಾರೆ. ಭಾರ ಬೆನ್ನಿಗೆ ಒತ್ತಿಕೊಂಡಿರುತ್ತದೆ. ಊಟ, ಬಟ್ಟೆ ಇರುವ ಚೀಲಕ್ಕೆ ರಕ್ತ ತಾಗುವುದಿಲ್ಲ.

ಎರಡನೆಯದು ಅಳತೆ. ಇದು ನನಗೆ ಹೊಸದು. ಬ್ಯಾಗ್‌ಗೆ ಮನುಷ್ಯನ ಎತ್ತರ ಮುಖ್ಯವಲ್ಲ, ಬೆನ್ನಿನ ಉದ್ದ ಮುಖ್ಯ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಕೈಗೆ ಸಿಗುವ ಮೂಳೆಯಿಂದ, ಸೊಂಟದ ಮೂಳೆಗಳ ಮೇಲಂಚಿನ ಗೆರೆಯವರೆಗೆ ಟೇಪು ಹಿಡಿಯುತ್ತಾರೆ. ಆರಡಿಗೆ ಸ್ವಲ್ಪ ಕಡಿಮೆಯಿರುವ ತಮ್ಮನ ಬೆನ್ನು 46 ಸೆಂಟಿಮೀಟರ್. ಉದ್ದವೆಲ್ಲ ಕಾಲಿನಲ್ಲಿ! ಹಿಂದಿನ ವರ್ಷದ ಬ್ಯಾಗ್ ಅವನಿಗೆ ಉದ್ದವಾಗಿತ್ತು, ಅದರ ಸೊಂಟಪಟ್ಟಿ ಹೊಟ್ಟೆಯ ಕೆಳಗೆಲ್ಲೋ ಇರುತ್ತಿತ್ತು. ಹೆಂಗಸರ ಬ್ಯಾಗ್‌ಗಳೇ ಬೇರೆ. ಬೆನ್ನು ಗಿಡ್ಡ, ಸೊಂಟಪಟ್ಟಿ ಹೊರಕ್ಕೆ ಬಾಗಿದ್ದು, ಹೆಗಲಪಟ್ಟಿ ಎದೆಗೆ ಒತ್ತದಂತೆ ತಿರುವಿದ್ದು.

ಮೂರನೆಯದು ಸದ್ದು. ಆಕೆ ಬಟ್ಟೆಯನ್ನು ಕಿವಿಯ ಬಳಿ ಹಿಡಿದು ಉಗುರಿನಿಂದ ಗೀರಿದರು. ಒಂದು ಬ್ಯಾಗ್ ಚರಚರ ಎಂದಿತು. ಮುಳ್ಳುಕಂಟಿಯ ನಡುವೆ ಆ ಸದ್ದಿಗೇ ಪ್ರಾಣಿ ಓಡುತ್ತದೆಯಂತೆ. ಅದನ್ನು ಬದಿಗಿಟ್ಟರು. ಗಾತ್ರ ಎಷ್ಟಿರಬೇಕು? ಬೆಳಗ್ಗೆ ಹೋಗಿ ಸಂಜೆ ಬರುವವರಿಗೆ 30-40 ಲೀಟರ್ ಸಾಕು, ನಾಲ್ಕೈದು ದಿನ ಕಾಡಿನಲ್ಲೇ ತಂಗುವವರಿಗೆ 80ರ ಆಸುಪಾಸು. ಅಗತ್ಯಕ್ಕಿಂತ ದೊಡ್ಡದನ್ನು ಕೊಂಡರೆ ಕೈ ಸುಮ್ಮನಿರುವುದಿಲ್ಲ, ಏನೇನೋ ತುಂಬುತ್ತದೆ. ಇದನ್ನು ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕೊನೆಗೆ ಅಂಗಡಿಯವನು ಮರಳಿನ ಮೂಟೆಗಳನ್ನು ತಂದು ಬ್ಯಾಗ್‌ನೊಳಗಿಟ್ಟ, 25 ಕಿಲೋ. ತಮ್ಮ ಅಂಗಡಿಯ ಮೆಟ್ಟಿಲನ್ನು ಅರ್ಧ ಗಂಟೆ ಹತ್ತಿಳಿದ. ಪಟ್ಟಿ ಬಿಗಿಯುವ ಕ್ರಮವೂ ಇದೆ. ಮೊದಲು ಸೊಂಟಪಟ್ಟಿ, ಅದೂ ಸೊಂಟದ ಮೂಳೆಯ ಮೇಲೆಯೇ ಕೂರಬೇಕು. ಆಮೇಲೆ ಹೆಗಲಪಟ್ಟಿ. ನಂತರ ಹೆಗಲ ಮೇಲಿಂದ ಚೌಕಟ್ಟಿಗೆ ಹೋಗುವ ಚಿಕ್ಕ ಪಟ್ಟಿ, ಅದು ಭಾರವನ್ನು ಬೆನ್ನಿನತ್ತ ಎಳೆಯುತ್ತದೆ. ಎದೆಪಟ್ಟಿ ಕೊನೆಗೆ. ಮೂರನೆಯ ಬ್ಯಾಗ್ ಹಾಕಿಕೊಂಡಾಗ ತಮ್ಮನ ಮುಖ ಸಡಿಲವಾಯಿತು. ಹೆಗಲಪಟ್ಟಿಯ ಕೆಳಗೆ ಅವನ ಬೆರಳು ಸಲೀಸಾಗಿ ಹೋಗುತ್ತಿತ್ತು. ಬೆಲೆ 500 ಡಾಲರ್, ಆಗಿನ ಲೆಕ್ಕದಲ್ಲಿ ನಲ್ವತ್ತು ಸಾವಿರ ರೂಪಾಯಿಗೂ ಮೇಲೆ. ನನ್ನ ಎದೆ ಧಸಕ್ಕೆಂದಿತು. "ಆರು ವಾರ ಕೈ ಎತ್ತಲಾಗದೆ ಕೂತಿದ್ದಕ್ಕೆ ಎಷ್ಟಾಯ್ತು, ಅದನ್ನೂ ಸೇರಿಸಿ ನೋಡು ಆಪಾ" ಎಂದ.

ಭಾರವನ್ನು ಸೊಂಟಕ್ಕೆ ಇಳಿಸುವ ಈ ಉಪಾಯದ ಹಿಂದೆ ಒಂದು ಸಂಸಾರದ ಕಥೆಯೂ ಇದೆ. 1951ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಗಳಲ್ಲಿ ನಡೆಯುತ್ತಿದ್ದ ಡಿಕ್ ಕೆಲ್ಟಿ ಮತ್ತು ಅವರ ಗೆಳೆಯ ಹೊರೆಯ ಚೌಕಟ್ಟಿನ ತುದಿಗಳನ್ನು ಪ್ಯಾಂಟಿನ ಹಿಂಜೇಬಿಗೆ ಸಿಕ್ಕಿಸಿಕೊಂಡರಂತೆ. ಹೆಗಲು ಹಗುರಾಯಿತು. ಮರುವರ್ಷ ಗ್ಲೆಂಡೇಲ್‌ನ ಮನೆಯಲ್ಲೇ ಅವರು ಅಲ್ಯೂಮಿನಿಯಂ ಚೌಕಟ್ಟು ಬಾಗಿಸಿದರು, ಪತ್ನಿ ನೀನಾ ಚೀಲ ಹೊಲಿದರು. 1963ರಲ್ಲಿ ಎವರೆಸ್ಟ್ ಏರಿದ ಅಮೆರಿಕನ್ ತಂಡದ ಬೆನ್ನ ಮೇಲಿದ್ದದ್ದು ಅವರ ಬ್ಯಾಗ್‌ಗಳೇ. ಚೌಕಟ್ಟಿನ ಕಲ್ಪನೆಯಂತೂ ಇನ್ನೂ ಹಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ, ಸುಮಾರು 5,300 ವರ್ಷ ಹಿಂದಿನ ಮನುಷ್ಯನ ದೇಹದ ಬಳಿ ಬಾಗಿಸಿದ ಕೋಲು ಮತ್ತು ಎರಡು ಹಲಗೆಗಳಿದ್ದವು. ಅದು ಬೆನ್ನಹೊರೆಯ ಚೌಕಟ್ಟೆಂದೇ ಗುರುತಿಸಲಾಗಿದೆ. ಅವನ ಹೊಟ್ಟೆಯಲ್ಲಿದ್ದದ್ದು ಕಾಡು ಆಡು ಮತ್ತು ಕೆಂಪು ಜಿಂಕೆಯ ಮಾಂಸ.

ರಸ್ತೆ ಬೇಡವೆಂದ ಸರೋವರ

ಅಕ್ಟೋಬರ್ ಮಧ್ಯದಲ್ಲಿ ನಾವು ನಾಲ್ವರು ಹೊರಟೆವು. ಡೆನ್ವರ್‌ನಿಂದ ಪಶ್ಚಿಮಕ್ಕೆ ಹೆದ್ದಾರಿ ಏರುತ್ತಲೇ ಹೋಗಿ, ಸುಮಾರು 3,400 ಮೀಟರ್ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗದೊಳಗೆ ನುಗ್ಗುತ್ತದೆ. ಆಚೆ ಬದಿಯಲ್ಲಿ ಕೊಲೊರಾಡೊ ನದಿಯ ಕಲ್ಲಿನ ಕಮರಿ. ರೈಫಲ್ ಎಂಬ ಹೆಸರಿನದೇ ಒಂದು ಊರು ದಾಟಿ ಉತ್ತರಕ್ಕೆ ತಿರುಗಿದರೆ ಮೀಕರ್. ಅಲ್ಲಿಂದ ವೈಟ್ ನದಿಯ ಗುಂಟ ಪೂರ್ವಕ್ಕೆ. ಈ ನೆಲವೆಲ್ಲ ಒಂದು ಕಾಲದಲ್ಲಿ ಯೂಟ್ ಬುಡಕಟ್ಟಿನವರ ಬೇಟೆಯ ನೆಲ. 1879ರ ಸಂಘರ್ಷದ ನಂತರ ಅವರನ್ನು ಇಲ್ಲಿಂದ ಯೂಟಾಕ್ಕೆ ಅಟ್ಟಲಾಯಿತು. ಚಂದದ ನೆಲಗಳಿಗೆಲ್ಲ ಇಂಥದ್ದೊಂದು ನೋವು ಇದ್ದೇ ಇರುತ್ತದೇನೋ.

ದಾರಿ ಮುಗಿಯುವುದು ಟ್ರ್ಯಾಪರ್ಸ್ ಸರೋವರದ ಬಳಿ, ಸುಮಾರು 2,900 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಎಂಬುದನ್ನು ನೆನಪಿಸಿಕೊಳ್ಳಿ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ನೀರಿನ ಹಿಂದೆ, ನೆತ್ತಿಯನ್ನು ಕತ್ತಿಯಿಂದ ಸಮ ಮಾಡಿದಂತಿರುವ ಕಪ್ಪು ಬೆಟ್ಟಗಳು. ಅದಕ್ಕೇ ಆ ಕಾಡಿಗೆ ಫ್ಲಾಟ್ ಟಾಪ್ಸ್ ಎಂಬ ಹೆಸರು. 2002ರ ಕಾಳ್ಗಿಚ್ಚಿನಲ್ಲಿ ಸುಟ್ಟ ಮರಗಳು ಬೆಳ್ಳಿಯ ಕಂಬಗಳಂತೆ ಇನ್ನೂ ನಿಂತಿವೆ. ಅವುಗಳ ಬುಡದಲ್ಲಿ ಹೊಸ ಗಿಡಗಳು ಏಳುತ್ತಿವೆ.

1919ರಲ್ಲಿ ಅರಣ್ಯ ಇಲಾಖೆ ಆರ್ಥರ್ ಕಾರ್‌ಹಾರ್ಟ್ ಎಂಬ ತರುಣನನ್ನು ಇಲ್ಲಿಗೆ ಕಳಿಸಿತ್ತು. ಸರೋವರದ ಸುತ್ತ ಬೇಸಿಗೆ ಮನೆಗಳಿಗೂ ರಸ್ತೆಗೂ ಜಾಗ ಗುರುತಿಸುವುದು ಅವರ ಕೆಲಸ. ಅವರು ಅಳತೆ ಮುಗಿಸಿ, ಇಲ್ಲಿ ಏನನ್ನೂ ಕಟ್ಟಬಾರದೆಂದು ವರದಿ ಕೊಟ್ಟರು. ಆ ಮಾತು ನಿಂತಿತು. 1964ರಲ್ಲಿ ವನ್ಯಪ್ರದೇಶ ಕಾಯ್ದೆ ಬಂದು, 1975ರಲ್ಲಿ ಫ್ಲಾಟ್ ಟಾಪ್ಸ್ ಅದರಡಿ ಸೇರಿತು. ಹಾಗಾಗಿ ಸರೋವರದಾಚೆ ಕಾರಿಲ್ಲ, ಬೈಕಿಲ್ಲ, ಸೈಕಲ್ಲೂ ಇಲ್ಲ. ಒಳಗೆ ಹೋಗುವುದೆಲ್ಲವೂ ಕುದುರೆಯ ಬೆನ್ನ ಮೇಲೆ ಅಥವಾ ಮನುಷ್ಯನ ಬೆನ್ನ ಮೇಲೆ. ಒಂದು ಬ್ಯಾಗ್ ಅಲ್ಲಿ ಇಷ್ಟೊಂದು ಮುಖ್ಯವಾಗಲು ಕಾರಣ ಇದೇ.

ಖಾಲಿ ಬ್ಯಾಗ್

ಬಂದೂಕಿನ ಬೇಟೆಯ ಆ ಅವಧಿ ಐದೇ ದಿನ. ಬೇಟೆಗಾರರು ತಲೆಗೂ ಎದೆಗೂ ದೂರದಿಂದ ಕಾಣುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಧರಿಸಲೇಬೇಕು, ಇಲ್ಲದಿದ್ದರೆ ಇನ್ನೊಬ್ಬನ ಗುಂಡಿಗೆ ಗುರಿಯಾಗುವ ಭಯ. ಬೆನ್ನಿಗೆ ಬ್ಯಾಗ್ ಹಾಕಿದರೆ ಹಿಂದಿನ ಬಣ್ಣ ಮುಚ್ಚಿಹೋಗುತ್ತದೆ. ಆದ್ದರಿಂದ ಬ್ಯಾಗ್‌ಗೂ ಕಿತ್ತಳೆ ಬಟ್ಟೆ ಕಟ್ಟಿದರು. ನನಗೂ ದುಪಟ್ಟಾದ ಮೇಲೆ ಒಂದು ಕಿತ್ತಳೆ ಟೋಪಿ ಬಂತು. ಆ ಚಿತ್ರ ನೋಡಿ ಅಮ್ಮಿ ಇನ್ನೂ ನಗುತ್ತಾರೆ.

ಮೊದಲ ದಿನ ಗಂಡಸರಿಬ್ಬರೂ ಕತ್ತಲಾದ ಮೇಲೆ ಬಂದರು. ತಮ್ಮನ ಹೊಸ ಬ್ಯಾಗ್ ಹೊಟ್ಟೆಗಿಲ್ಲದವನಂತೆ ಬೆನ್ನಿಗಂಟಿಕೊಂಡಿತ್ತು. "ಸಿಗಲಿಲ್ಲವಾ?" ಎಂದೆ. "ಸಿಕ್ಕಿತ್ತು ಆಪಾ" ಎಂದ. ಸಂಜೆ ಐದಕ್ಕೆ ಆಳವಾದ ಕಣಿವೆಯಾಚೆ ದೊಡ್ಡ ಗಂಡೊಂದು ಹುಲ್ಲುಗಾವಲಿಗೆ ಬಂದು ನಿಂತಿತ್ತು. ಗುರಿಗೆ ಸರಿಯಾಗಿತ್ತು. ಆದರೆ ರಸ್ತೆ ಆರು ಕಿಲೋಮೀಟರ್ ದೂರ, ನಡುವೆ ಕಣಿವೆಯ ಏರು, ಇಬ್ಬರಿಗೆ ನಾಲ್ಕು ಹೊರೆ. ಅಂಗಡಿಯಲ್ಲಿ ಹಾಕಿದ ಲೆಕ್ಕ ಕಣ್ಣ ಮುಂದೆ ಬಂತಂತೆ. ಬಂದೂಕು ಕೆಳಗಿಳಿಸಿ, ಅದು ಮೇಯುವುದನ್ನು ಕತ್ತಲಾಗುವವರೆಗೆ ನೋಡುತ್ತ ಕುಳಿತರು. ಬೇಸರವಾಯಿತಾ ಎಂದೆ. "ಬೇಸರ ಆಯ್ತು. ಆದರೆ ನಿದ್ದೆ ಬರುತ್ತೆ" ಎಂದ.

ಮೂರನೆಯ ಬೆಳಿಗ್ಗೆ ಎರಡು ಕಿಲೋಮೀಟರ್ ಒಳಗೆ ಒಂದು ಹೆಣ್ಣು ಎಲ್ಕ್ ಸಿಕ್ಕಿತು. ಬಿಸ್ಮಿಲ್ಲಾ ಹೇಳಿ ಒಂದೇ ಗುಂಡು. ಚರ್ಮ ಬೇಗ ಬಿಡಿಸಿದರು, ಏಕೆಂದರೆ ಒಳಗಿನ ಶಾಖವೇ ಮಾಂಸದ ಮೊದಲ ಶತ್ರು. ಮಾಂಸವನ್ನು ಗಾಳಿಯಾಡುವ ಹತ್ತಿಬಟ್ಟೆಯ ಚೀಲಗಳಲ್ಲಿ ಹಾಕಿ ನೆರಳಿನ ಕೊಂಬೆಗೆ ತೂಗುಹಾಕಿದರು. ಪ್ಲಾಸ್ಟಿಕ್ ಮುಟ್ಟಿಸಲೇ ಇಲ್ಲ, ಅದರೊಳಗೆ ಬೆವರಿ ಕೆಡುತ್ತದೆ. ಮೊದಲ ಸಲಕ್ಕೆ ಎರಡು ಹೊರೆ ರಸ್ತೆಗೆ ಬಂತು. ಎರಡನೆಯ ಸಲ ನಾನೂ ಆಕೆಯೂ ಜೊತೆಗೆ ಹೋದೆವು.

ಆಕೆ ತನ್ನ ಹಳೆಯ ಬ್ಯಾಗ್ ನನಗೆ ಹಾಕಿ, ಹತ್ತು ಕಿಲೋ ಮಾಂಸದ ಒಂದು ಚೀಲ ಇಟ್ಟರು. ಮೊದಲು ಹೆಗಲಿಗೆ ಬಂದ ಭಾರಕ್ಕೆ ಹಿಂದಕ್ಕೆ ವಾಲಿದೆ. ಸೊಂಟಪಟ್ಟಿ ಬಿಗಿದಾಗ ಭಾರ ಸದ್ದಿಲ್ಲದೆ ಕೆಳಗಿಳಿದು ಸೊಂಟದ ಮೇಲೆ ಕೂತಿತು. ನನಗೆ ಒಮ್ಮೆಲೇ ನಮ್ಮ ಮನೆಯ ಹಿಂದಿನ ಬಾವಿ ನೆನಪಾಯಿತು. ಅಮ್ಮಿ ತುಂಬಿದ ಕೊಡವನ್ನು ಸೊಂಟಕ್ಕಿಟ್ಟು ಮೆಟ್ಟಿಲು ಹತ್ತುತ್ತಿದ್ದದ್ದು, ಇನ್ನೊಂದು ಸೊಂಟದ ಮೇಲೆ ಇದೇ ತಮ್ಮ ಕೂತಿರುತ್ತಿದ್ದದ್ದು. ಭಾರ ಎಲ್ಲಿ ಕೂರಬೇಕೆಂದು ನಮ್ಮ ತಾಯಂದಿರಿಗೆ ಯಾವ ಅಂಗಡಿಯವನೂ ಟೇಪು ಹಿಡಿದು ಹೇಳಿರಲಿಲ್ಲ.

ದಾರಿಯಲ್ಲೊಂದು ತೊರೆ. ದಾಟುವ ಮೊದಲು ಆಕೆ ಎಲ್ಲರ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿಸಿದರು. ಕಾಲು ಜಾರಿ ನೀರಿಗೆ ಬಿದ್ದರೆ ಬ್ಯಾಗ್ ಕಳಚಿಕೊಂಡು ಏಳಲು ಆಗಬೇಕು, ಕಟ್ಟಿಕೊಂಡದ್ದೇ ಮುಳುಗಿಸಬಾರದು. ಮಧ್ಯಾಹ್ನ ಎರಡಕ್ಕೆ ಕೊನೆಯ ಚೀಲವೂ ರಸ್ತೆಯ ಬದಿಗೆ ಬಂತು. ಏನೂ ಉಳಿಯಲಿಲ್ಲ, ಏನೂ ಕೆಡಲಿಲ್ಲ. ಸರೋವರದ ನೀರಿನಲ್ಲಿ ವುಝೂ ಮಾಡಿದಾಗ ಬೆರಳುಗಳು ಮರಗಟ್ಟಿದವು. ನಮಾಝ್ ಮುಗಿಸಿ ತಮ್ಮ ಎರಡೂ ಕೈಗಳನ್ನು ಮೇಲೆತ್ತಿ ದುಆ ಮಾಡುವುದನ್ನು ನೋಡಿದೆ. ಎರಡೂ ಕೈ ಒಂದೇ ಸಮ ಎದ್ದವು. ಮೀಕರ್‌ಗೆ ಬಂದು ಸಿಗ್ನಲ್ ಸಿಕ್ಕಾಗ ಅವನ ಹೆಂಡತಿಗೆ ನಾನೇ ಫೋನ್ ಮಾಡಿದೆ. "ಹಗಲಲ್ಲೇ ಬಂದರಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ಅತ್ತಳು.

ಊರಿಗೆ ಮರಳಿ ತರಗತಿಗೆ ಹೋದ ದಿನ ನಾನು ಮೊದಲು ನೋಡಿದ್ದು ಮಕ್ಕಳ ಬೆನ್ನನ್ನು. ಬ್ಯಾಗ್ ಮಗುವಿನ ತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದೆಂದು 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. ತಕ್ಕಡಿ ತಂದು ತೂಗಿದೆ. ಐದನೆಯ ತರಗತಿಯ 28 ಕಿಲೋ ತೂಕದ ಹುಡುಗಿಯ ಬೆನ್ನ ಮೇಲೆ ಆರು ಕಿಲೋ, ಪಟ್ಟಿ ಸಡಿಲವಾಗಿ ಪೃಷ್ಠದ ಕೆಳಗೆ ಜೋಲುತ್ತಿತ್ತು. ಒಂದೇ ಹೆಗಲಿಗೆ ಹಾಕಿಕೊಂಡವರು ಇನ್ನೂ ಎಷ್ಟೋ ಮಂದಿ. ಅಂದು ಪಾಠ ಬಿಟ್ಟು, ಎಲ್ಲರ ಪಟ್ಟಿಗಳನ್ನು ಬಿಗಿದು, ದಪ್ಪ ಪುಸ್ತಕಗಳನ್ನು ಬೆನ್ನಿಗೆ ತಾಗುವಂತೆ ಇಡಿಸಿದೆ. ಆ ದಿನಕ್ಕೆ ಬೇಡವಾದ ಪುಸ್ತಕಗಳನ್ನು ಕಪಾಟಿನಲ್ಲಿ ಇಟ್ಟುಕೊಂಡೆ.

ನೀವೂ ಇಂದು ಸಂಜೆ ನಿಮ್ಮ ಮಗುವಿನ ಬ್ಯಾಗನ್ನೊಮ್ಮೆ ಎತ್ತಿ ನೋಡಿ ಸಹೋದರಿ. ಮುಂದಿನ ಜೂನ್‌ನಲ್ಲಿ ಅಂಗಡಿಗೆ ಹೋದಾಗ ಬಣ್ಣ ನೋಡುವ ಮೊದಲು ಮಗುವಿನ ಬೆನ್ನು ಅಳೆಯಿರಿ, ಪುಸ್ತಕ ತುಂಬಿಸಿ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆಸಿ. ಹೊರಲಾಗದ್ದನ್ನು ಎತ್ತಿಕೊಳ್ಳಬಾರದೆಂದು ನನ್ನ ತಮ್ಮ ಕಲಿಯಲು ಒಂದು ವರ್ಷ ಹಿಡಿಯಿತು. ಮಕ್ಕಳ ಬೆನ್ನಿಗೆ ಅಷ್ಟು ಕಾಯುವ ಶಕ್ತಿಯಿಲ್ಲ.